ಅಟ್ಟದಿಂದ ಇಳಿಸಿದ ವಾಲ್ವ್ ಟಿ.ವಿ.: ಹಾಗೆಯೇ ಇಡುವುದೇ, ಓಡಿಸುವುದೇ, ಒಳಗನ್ನೇ ಬದಲಿಸುವುದೇ?

ಹಳೆಯ ಮನೆ ಖಾಲಿ ಮಾಡುವಾಗಲೋ ಅಣ್ಣತಮ್ಮಂದಿರ ನಡುವೆ ಪಾಲಾಗುವಾಗಲೋ ಅಟ್ಟದಿಂದ ಕೆಳಗಿಳಿಯುವ ಸಾಮಾನುಗಳಲ್ಲಿ, ಎರಡೂ ಬದಿಗೆ ಸರಿಯುವ ಶಟರ್ ಬಾಗಿಲಿನ ಮರದ ಪೆಟ್ಟಿಗೆಯ, ಟ್ರಾನ್ಸಿಸ್ಟರಿನ ಬದಲು ವಾಲ್ವ್ ಎಂಬ ಗಾಜಿನ ಕೊಳವೆಗಳಿಂದ ಓಡುವ ಕಪ್ಪು-ಬಿಳುಪು ಟಿ.ವಿ.ಯೂ ಒಂದಾಗಿರುತ್ತದೆ. ಅದನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ನನ್ನ ಬಳಿ ವಿಚಾರಿಸುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ರಿಪೇರಿ ಮಾಡಿಸಬೇಕೇ, ಹಾಗೆಯೇ ಒರೆಸಿ ಹಾಲ್‌ನಲ್ಲಿ ಇಡಬೇಕೇ, ಅಥವಾ ಒಳಗಿನದನ್ನೆಲ್ಲ ತೆಗೆದು ಎಲ್.ಇ.ಡಿ. ಪರದೆ ಕೂರಿಸಬೇಕೇ? ಮೂರಕ್ಕೂ ಸಮರ್ಥನೆ ಇದೆ, ಮೂರರಲ್ಲೂ ಕಳೆದುಕೊಳ್ಳುವುದೂ ಇದೆ. ಆದರೆ ಬಹಳಷ್ಟು ಜನ ತಮ್ಮ ಇಷ್ಟದಿಂದ ಆರಂಭಿಸಿ ಕೊನೆಗೆ ಸೆಟ್ಟಿನ ಸ್ಥಿತಿಗೆ ಬರುತ್ತಾರೆ. ಈ ಕೆಲಸದಲ್ಲಿ ಕ್ರಮ ತಲೆಕೆಳಗಾಗಬೇಕು. ಚಿತ್ರ ಮೂಡುವ ಪಿಕ್ಚರ್ ಟ್ಯೂಬು ಮತ್ತು ಅದಕ್ಕೆ ಸಾವಿರಾರು ವೋಲ್ಟು ಒದಗಿಸುವ, ಮೆಕ್ಯಾನಿಕ್‌ಗಳು ಎಲ್.ಓ.ಟಿ. ಎಂದು ಕರೆಯುವ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಯಾವ ಸ್ಥಿತಿಯಲ್ಲಿವೆ ಎಂದು ಗೊತ್ತಾಗುವವರೆಗೆ ಯಾವ ಆಯ್ಕೆಯನ್ನೂ ಮಾಡಬಾರದು, ಏಕೆಂದರೆ ಉಳಿದ ಎಲ್ಲ ಭಾಗಗಳಿಗೂ ಬದಲಿ ಸಿಗುತ್ತದೆ, ಇವೆರಡಕ್ಕೆ ಮಾತ್ರ ಸಿಗುವುದು ಅಪರೂಪ.

ನಿಮ್ಮ ಬಳಿ ಇರುವುದು ಯಾವ ಸೆಟ್ಟು

ದೆಹಲಿಯಲ್ಲಿ ಟಿ.ವಿ. ಪ್ರಸಾರ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು. ಮುಂಬಯಿಗೆ ಅದು 1972ರಲ್ಲಿ, ಮದ್ರಾಸಿಗೆ 1975ರಲ್ಲಿ, ಬೆಂಗಳೂರಿಗೆ 1981ರ ನವೆಂಬರ್ 1ರಂದು ಬಂದಿತು. ನಮ್ಮ ರಾಜಧಾನಿಗೆ ದೂರದರ್ಶನ ಬರುವ ವೇಳೆಗೆ ಪೂರ್ಣ ಟ್ರಾನ್ಸಿಸ್ಟರಿನ ಸೆಟ್ಟುಗಳು ಅಂಗಡಿಗೆ ಬಂದಾಗಿತ್ತು. ಹೀಗಾಗಿ ಕರ್ನಾಟಕದ ಮನೆಗಳಲ್ಲಿ ನಾನು ನೋಡಿರುವ ವಾಲ್ವ್ ಸೆಟ್ಟುಗಳಲ್ಲಿ ಹೆಚ್ಚಿನವು ಬೇರೆ ಊರಿನಲ್ಲಿ ನೌಕರಿಯಲ್ಲಿದ್ದವರ ಮನೆಸಾಮಾನಿನೊಂದಿಗೆ ಲಾರಿಯಲ್ಲಿ ಬಂದವು. ಅವುಗಳಲ್ಲಿ ಹಲವು ಮಿಶ್ರ ಜಾತಿಯವು: ಸಿಗ್ನಲ್ ಹಿಡಿದು ಹಿಗ್ಗಿಸುವ ಭಾಗಕ್ಕೆ ಟ್ರಾನ್ಸಿಸ್ಟರು, ಹೆಚ್ಚು ಶಕ್ತಿ ಬೇಕಾದ ಕಡೆ ವಾಲ್ವು. ಹಿಂಬದಿಯ ಮುಚ್ಚಳ ತೆಗೆದಾಗ ಪಿ.ಎಲ್. 504, ಪಿ.ವೈ. 88, ಪಿ.ಸಿ.ಎಲ್. 85, ಡಿ.ವೈ. 87 ಎಂಬಂಥ ಅಂಕಿಗಳು ಕಂಡರೆ ಅದು ಈ ಕುಟುಂಬದ್ದೆಂದು ತಿಳಿಯಿರಿ. ಹೆಸರಿನ ಮೊದಲಿಗೆ ಪಿ ಎಂದಿರುವ ವಾಲ್ವುಗಳ ಹೀಟರುಗಳೆಲ್ಲ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿಗಳು) 300 ಮಿಲಿಆಂಪಿಯರಿನವು; ಗಣೇಶೋತ್ಸವದ ಸೀರಿಯಲ್ ದೀಪಗಳಂತೆ ಒಂದರ ಬಾಲಕ್ಕೆ ಒಂದು ಜೋಡಿಸಿದವು. ಒಂದರ ತಂತಿ ಕಡಿದರೆ ಯಾವುದೂ ಹೊತ್ತುವುದಿಲ್ಲ. ಸತ್ತೇಹೋಗಿದೆ ಎಂದುಕೊಂಡ ಎಷ್ಟೋ ಸೆಟ್ಟುಗಳ ರೋಗ ಇಷ್ಟೇ ಆಗಿರುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರ ಲೆಕ್ಕ ಬೇರೆ. ಬ್ರಿಟನ್ನಿನ ಹಳೆಯ ಸಾಮಾನಿನ ಸಂತೆಯಲ್ಲಿ ಕಣ್ಣಿಗೆ ಬೀಳುವ, 1950ರ ಸುಮಾರಿನ ಬುಷ್ ಟಿ.ವಿ. 22ರಂಥ ಪುಟ್ಟ 9 ಇಂಚಿನ ಬೇಕಲೈಟ್ ಸೆಟ್ಟುಗಳು 405 ಗೆರೆಗಳ ಚಿತ್ರಕ್ಕಾಗಿ ಮಾಡಿದವು, ಮತ್ತು ಆ ಪ್ರಸಾರ 1985ರ ಜನವರಿಯಲ್ಲೇ ನಿಂತುಹೋಯಿತು. ಅಂಥ ಸೆಟ್ಟನ್ನು ಎಷ್ಟು ಚೆನ್ನಾಗಿ ರಿಪೇರಿ ಮಾಡಿದರೂ 625 ಗೆರೆಯ ಚಿತ್ರವನ್ನು 405ಕ್ಕೆ ಇಳಿಸುವ ಸ್ಟ್ಯಾಂಡರ್ಡ್ಸ್ ಕನ್ವರ್ಟರ್ ಇಲ್ಲದೆ ಅದರಲ್ಲಿ ನೋಡಲು ಏನೂ ಇರುವುದಿಲ್ಲ. ಆ ಸಣ್ಣ ಪೆಟ್ಟಿಗೆಯ ಬೆಲೆ ಕೆಲವೊಮ್ಮೆ ಟಿ.ವಿ.ಗಿಂತ ಹೆಚ್ಚು. ಅಮೆರಿಕದಲ್ಲಿರುವವರಿಗೆ ಈ ತೊಂದರೆ ಇಲ್ಲ, ಚಿತ್ರವನ್ನು ಟಿ.ವಿ. ಚಾನೆಲಿನ ಸಿಗ್ನಲ್ಲಾಗಿ ಬದಲಿಸಿ 525 ಗೆರೆಯಲ್ಲಿ ಕೊಡುವ ಮಾಡ್ಯುಲೇಟರುಗಳು ಅಲ್ಲಿ ಸುಲಭವಾಗಿ ಸಿಗುತ್ತವೆ.

ಅಳೆಯುವ ಮೊದಲು ಅಳತೆಗೋಲು

ಆಯ್ಕೆಗಳನ್ನು ತೂಗಲು ನಾನು ಬಳಸುವ ಮಾನದಂಡಗಳು ಐದು, ಆದರೆ ಐದಕ್ಕೂ ಸಮಾನ ತೂಕವಿಲ್ಲ.

ಎಲ್ಲಕ್ಕಿಂತ ಮೊದಲಿನದು ಸುರಕ್ಷತೆ, ಮತ್ತು ಇದರ ಬಗ್ಗೆ ರೇಡಿಯೊ ರಿಪೇರಿಯ ಅನುಭವ ಇರುವವರೂ ಎಚ್ಚರ ತಪ್ಪುತ್ತಾರೆ. ಈ ಸೆಟ್ಟುಗಳಲ್ಲಿ ಬಹುಪಾಲು ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. 230 ವೋಲ್ಟಿನ ಒಂದು ತಂತಿ ನೇರವಾಗಿ ಚಾಸಿಗೆ, ಎಂದರೆ ಒಳಗಿನ ಭಾಗಗಳನ್ನು ಕೂರಿಸಿದ ಲೋಹದ ತಳಕ್ಕೆ, ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಇಡೀ ಲೋಹದ ಚಾಸಿಯೇ ಫೇಸ್ ಆಗುತ್ತದೆ, ನಾಬ್ ಕಿತ್ತುಹೋದ ಕಡ್ಡಿಯನ್ನು ಮುಟ್ಟಿದ ಮಗುವಿಗೆ ಶಾಕ್ ಹೊಡೆಯುತ್ತದೆ. ಮೇಜಿನ ಮೇಲೆ ಕೆಲಸ ಮಾಡುವಾಗ ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಆದರೆ ಅದರ ಮುಂದೆ ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಮನೆಯ ಇ.ಎಲ್.ಸಿ.ಬಿ. ನಿಮ್ಮನ್ನು ಕಾಪಾಡುವುದಿಲ್ಲ ಎಂಬುದೂ ನೆನಪಿರಬೇಕು. ಇದರ ಜೊತೆಗೆ ದೊಡ್ಡ ಟ್ಯೂಬಿನ ಆನೋಡಿನಲ್ಲಿ 15ರಿಂದ 18 ಸಾವಿರ ವೋಲ್ಟುಗಳವರೆಗೆ ಇ.ಎಚ್.ಟಿ. ಎಂಬ ಅತಿ ಹೆಚ್ಚಿನ ವೋಲ್ಟೇಜು ಇರುತ್ತದೆ ಮತ್ತು ಸ್ವಿಚ್ ಆರಿಸಿದ ಮೇಲೂ ಟ್ಯೂಬಿನ ಗಾಜು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಇಳಿಸುವಾಗ ಟ್ಯೂಬಿನ ಹೊರಮೈಯ ಕಪ್ಪು ಲೇಪಕ್ಕೇ ಇಳಿಸಬೇಕು. ಮಿಶ್ರ ಸೆಟ್ಟಿನಲ್ಲಿ ಚಾಸಿಗೆ ಇಳಿಸಿದರೆ ಟ್ರಾನ್ಸಿಸ್ಟರುಗಳು ಸುಟ್ಟುಹೋಗಬಹುದು. ಟ್ಯೂಬಿನ ಒಳಗೆ ಇರುವುದು ನಿರ್ವಾತ, ಆದ್ದರಿಂದ ಕುತ್ತಿಗೆ ಹಿಡಿದು ಎತ್ತುವುದು, ಕನ್ನಡಕವಿಲ್ಲದೆ ಬಿಚ್ಚುವುದು ಎರಡೂ ಕೂಡದು. ಮುಖದ ಸುತ್ತ ಲೋಹದ ಪಟ್ಟಿ ಇಲ್ಲದ ಹಳೆಯ ಟ್ಯೂಬುಗಳ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು.

ಎರಡನೆಯದು ಟ್ಯೂಬು ಮತ್ತು ಎಲ್.ಓ.ಟಿ.ಯ ಆರೋಗ್ಯ. ಮೂರನೆಯದು ಮರಳಿ ಮೊದಲಿನಂತೆ ಮಾಡಲು ಸಾಧ್ಯವೇ ಎಂಬುದು: ನಾಳೆ ನಿಮ್ಮ ಮಗನೋ ಮೊಮ್ಮಗಳೋ ಬೇರೆ ದಾರಿ ಹಿಡಿಯಬೇಕೆಂದರೆ ನೀವು ಮಾಡಿದ ಕೆಲಸ ಅಡ್ಡ ಬರಬಾರದು. ನಾಲ್ಕನೆಯದು ಹಣ ಮತ್ತು ಸಮಯ. ಐದನೆಯದನ್ನು ಜನ ಕೊನೆಗೆ ನೆನೆಯುತ್ತಾರೆ: ಸೆಟ್ಟು ಓಡಿದ ಮೇಲೆ ಅದಕ್ಕೆ ಯಾವ ಸಿಗ್ನಲ್ ಕೊಡುತ್ತೀರಿ, ಮತ್ತು ತಿಂಗಳಿಗೆ ಎಷ್ಟು ಗಂಟೆ ನೋಡುತ್ತೀರಿ?

ಎರಡನೆಯದನ್ನು ತಿಳಿಯಲು ಸೆಟ್ಟಿಗೆ ಕರೆಂಟು ಕೊಡಬೇಕಾಗಿಲ್ಲ. ಟ್ಯೂಬಿನ ಕುತ್ತಿಗೆಯ ಒಳಗೆ ಟಾರ್ಚು ಬಿಟ್ಟು ನೋಡಿದಾಗ ಗೆಟರ್ ಎಂಬ ಕನ್ನಡಿಯಂಥ ಲೇಪ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ನಿರ್ವಾತ ಉಳಿದಿದೆ; ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಹೊಕ್ಕಿದೆ, ಆ ಟ್ಯೂಬಿನ ಕಥೆ ಮುಗಿದಂತೆ. ಮೀಟರಿನಲ್ಲಿ ಹೀಟರಿನ ಎರಡು ಪಿನ್ನುಗಳ ನಡುವೆ ಸಂಪರ್ಕ ಇದೆಯೇ ಎಂದು ನೋಡಿ, ಇದ್ದರೆ ಪ್ರತ್ಯೇಕ ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ಅದಕ್ಕೆ ಬೇಕಾದ 6.3 ವೋಲ್ಟು ಕೊಟ್ಟು ಕುತ್ತಿಗೆಯಲ್ಲಿ ಕೆಂಪು ಬೆಳಕು ಬರುವುದೇ ಎಂದು ಪರೀಕ್ಷಿಸಬಹುದು. ಎಲ್.ಓ.ಟಿ.ಯ ದಪ್ಪ ಸುರುಳಿಯ ಮೇಲಿನ ಮೇಣ ಕರಗಿ ಹರಿದಿದ್ದರೆ, ಕರಕಲು ಗೆರೆ ಕಂಡರೆ, ಅದು ಕೆಟ್ಟ ಸೂಚನೆ. ಮಂಗಳೂರು, ಕಾರವಾರ, ಆಗುಂಬೆಯ ಕಡೆಯ ಮನೆಗಳಿಂದ ಬಂದ ಸೆಟ್ಟುಗಳಲ್ಲಿ ಈ ಸುರುಳಿ ಮಳೆಗಾಲದ ತೇವವನ್ನು ಕುಡಿದು ಕೂತಿರುತ್ತದೆ. ಅದನ್ನು ಬಿಚ್ಚಿ, ತಂತಿ ಬಲ್ಬು ಉರಿಯುವ ಪೆಟ್ಟಿಗೆಯಲ್ಲಿ ಕೆಲವು ದಿನ ಇಟ್ಟು ಒಣಗಿಸದೆ ಮುಂದಕ್ಕೆ ಹೋಗುವುದು ಅವಿವೇಕ. ಬಳ್ಳಾರಿ, ರಾಯಚೂರಿನ ಸೆಟ್ಟುಗಳಿಗೆ ತೇವದ ಕಾಟವಿಲ್ಲ, ಅಲ್ಲಿ ಧೂಳು ಮತ್ತು ಇಲಿ.

ನನ್ನ ಮೊದಲ ಸೆಟ್ಟನ್ನು ನಾನು ಇದಾವುದನ್ನೂ ನೋಡದೆ ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದೆ. ಎರಡು ನಿಮಿಷ ಧ್ವನಿಯೂ ಬಂದಿತು. ಮೂರನೆಯ ನಿಮಿಷಕ್ಕೆ ಪಿ.ಎಲ್. 504ರ ತಟ್ಟೆ ಕೆಂಡದಂತೆ ಕೆಂಪಾಯಿತು, ಸ್ವಿಚ್ಚಿಗೆ ಕೈ ಹೋಗುವಷ್ಟರಲ್ಲಿ ಎಲ್.ಓ.ಟಿ.ಯಿಂದ ಹೊಗೆ ಎದ್ದಿತ್ತು. ಆ ಸೆಟ್ಟು ಮತ್ತೆ ಚಿತ್ರ ತೋರಿಸಲಿಲ್ಲ.

ಮೊದಲ ದಾರಿ: ಕರೆಂಟು ಕೊಡದೆ ಕಾಪಾಡುವುದು

ಸೆಟ್ಟು ನಿಮಗೆ ಮುಖ್ಯವಾಗಿ ಅಪ್ಪನದೋ ಸೋದರಮಾವನದೋ ನೆನಪಾಗಿದ್ದರೆ, ಟಿ.ವಿ.ಯಾಗಿ ಅದರಿಂದ ಏನೂ ಬೇಡವಾಗಿದ್ದರೆ, ಇದೇ ಸರಿಯಾದ ದಾರಿ. ಖರ್ಚು ಅತ್ಯಲ್ಪ. ಪ್ಲಗ್ಗನ್ನು ಕತ್ತರಿಸುವ ಬದಲು ತಂತಿಯನ್ನು ಒಳಗೆ ಸುತ್ತಿಟ್ಟು, ಯಾರೂ ಸಿಕ್ಕಿಸದಂತೆ ಚೀಟಿ ಅಂಟಿಸಿ. ಪೆಟ್ಟಿಗೆಗೆ ಗೆದ್ದಲು ಹಿಡಿದಿದೆಯೇ ನೋಡಿ ಔಷಧಿ ಹಚ್ಚಿಸಿ, ತೇಗದ ತೆಳುಪದರ ಎದ್ದಿದ್ದರೆ ಮರದ ಅಂಟು ಹಾಕಿ ಒತ್ತಿಸಿ. ಹೊಳಪಿಗಾಗಿ ಮರಳುಕಾಗದ ಹಿಡಿದು ಉಜ್ಜಲು ಬಡಗಿಗೆ ಬಿಡಬೇಡಿ, ಆ ಪದರ ಕಾಗದದಷ್ಟೇ ತೆಳು. ಒಳಗಿನ ಬಿಸಿಯಾಗುವ ರೆಸಿಸ್ಟರಿನ ಹಿಂದೆ ಬೂದು ಬಣ್ಣದ ಹಾಳೆ ಇದ್ದರೆ ಅದು ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಕೆರೆಯದೆ ಬಿಡುವುದು ಕ್ಷೇಮ. ಪೆಟ್ಟಿಗೆಯ ಹಿಂಬದಿಗೆ ಅಂಟಿಸಿದ ಸರ್ಕೀಟ್ ಹಾಳೆ, ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಮಾಡಿಸುತ್ತಿದ್ದ ಲೈಸೆನ್ಸ್ ಪುಸ್ತಕ, ಅಂಗಡಿಯ ರಸೀತಿ ಇವೆಲ್ಲ ಸೆಟ್ಟಿನ ಭಾಗವೇ ಎಂದು ತಿಳಿದು ಜೊತೆಗಿಡಿ.

ಇದರಲ್ಲಿ ನೀವು ಕಳೆದುಕೊಳ್ಳುವುದು ಚಿತ್ರ ಮಾತ್ರ. ಮುಂದೆ ಬೇರೆ ಯಾವ ದಾರಿ ಹಿಡಿಯುವ ಅವಕಾಶವೂ ಪೂರ್ತಿಯಾಗಿ ಉಳಿಯುತ್ತದೆ, ಹೀಗಾಗಿ ನಿರ್ಧಾರ ಮಾಡಲಾಗದವರಿಗೂ ನಾನು ಹೇಳುವುದು ಇದನ್ನೇ.

ಎರಡನೆಯ ದಾರಿ: ಓಡುವಷ್ಟು ರಿಪೇರಿ

ಟ್ಯೂಬು, ಎಲ್.ಓ.ಟಿ. ಎರಡೂ ಚೆನ್ನಾಗಿದ್ದು, ಬೆಸುಗೆ ಹಾಕುವ ಅಭ್ಯಾಸ ನಿಮಗಿದ್ದರೆ ಅಥವಾ ಹಳೆಯ ಮೆಕ್ಯಾನಿಕ್ ಒಬ್ಬರು ಪರಿಚಯವಿದ್ದರೆ, ನನ್ನ ಒಲವು ಈ ದಾರಿಯ ಕಡೆಗೆ. ಇಲ್ಲಿ ವಾಲ್ವುಗಳನ್ನಾಗಲಿ ತಂತಿಗಳನ್ನಾಗಲಿ ಸುಮ್ಮನೆ ಬದಲಿಸುವುದಿಲ್ಲ. ವಯಸ್ಸಿನಿಂದ ಖಂಡಿತ ಕೆಟ್ಟಿರುವವನ್ನು ಮಾತ್ರ ತೆಗೆಯುವುದು. ಅವುಗಳಲ್ಲಿ ಮೊದಲನೆಯವು ಮೇಣ ಮತ್ತು ಕಾಗದದ ಕಂಡೆನ್ಸರುಗಳು. ಅವು ಒಳಗೊಳಗೇ ಸೋರುತ್ತವೆ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ (ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿಗೆ) ಹೋಗುವ ಒಂದೇ ಒಂದು ಕಂಡೆನ್ಸರು ಸೋರಿದರೆ ಸಾಕು, ವಾಲ್ವು ಮಿತಿಮೀರಿ ಕರೆಂಟು ಎಳೆದು ತನ್ನನ್ನೂ ತನ್ನ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಕೊಳ್ಳುತ್ತದೆ. ಅವುಗಳ ಜಾಗಕ್ಕೆ 630 ವೋಲ್ಟಿನ ಪಾಲಿಪ್ರೊಪಿಲೀನ್ ಕಂಡೆನ್ಸರುಗಳನ್ನು ಹಾಕಬಹುದು. ಲೈನ್ ಔಟ್‌ಪುಟ್ ಹಂತದ ಬೂಸ್ಟ್ ಕಂಡೆನ್ಸರಿಗೆ ಮಾತ್ರ 1000 ವೋಲ್ಟು ಅಥವಾ ಅದಕ್ಕೂ ಮೇಲಿನದು ಬೇಕು, ಮೇನ್ಸ್‌ಗೆ ಅಡ್ಡಲಾಗಿ ಇರುವುದಕ್ಕೆ ಎಕ್ಸ್2 ಎಂದು ಗುರುತಿರುವುದೇ ಬೇಕು. ಎ.ಸಿ.ಯನ್ನು ಡಿ.ಸಿ. ಮಾಡುವ ಹಳೆಯ ಸೆಲೆನಿಯಂ ರೆಕ್ಟಿಫೈಯರ್ ಇದ್ದರೆ ಅದು ಸುಡುವಾಗ ಬಿಡುವ ನಾತ ವಿಷದ್ದು. ಅದನ್ನು ಸಂಪರ್ಕದಿಂದ ಬಿಡಿಸಿ, ತಕ್ಕ ರೆಸಿಸ್ಟರಿನೊಂದಿಗೆ ಬಿ.ವೈ. 127 ಡಯೋಡ್ ಹಾಕುವುದು ನಮ್ಮ ಮೆಕ್ಯಾನಿಕ್‌ಗಳಿಗೆ ಬಹುಕಾಲದಿಂದ ಗೊತ್ತಿರುವ ಉಪಾಯ.

ಕೊಂಡುಕೊಳ್ಳುವ ವಿಷಯದಲ್ಲಿ ಬೆಂಗಳೂರಿನವರಿಗೆ ಅನುಕೂಲವಿದೆ. ಕಂಡೆನ್ಸರು, ಡಯೋಡು, ರೆಸಿಸ್ಟರುಗಳೆಲ್ಲ ಎಸ್.ಪಿ. ರಸ್ತೆಯ ಒಂದು ಸುತ್ತಿನಲ್ಲಿ ಸಿಗುತ್ತವೆ. ಇಡೀ ಸೆಟ್ಟಿಗೆ ಬೇಕಾದವು ಸಾಮಾನ್ಯವಾಗಿ ಒಂದೆರಡು ಸಾವಿರ ರೂಪಾಯಿ ದಾಟುವುದಿಲ್ಲ. ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆ ಒಂದು ಕಾಲಕ್ಕೆ ವಾಲ್ವುಗಳನ್ನೂ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬುಗಳನ್ನೂ ತಯಾರಿಸುತ್ತಿದ್ದುದರಿಂದ, ಆ ಮುದ್ರೆಯ ವಾಲ್ವುಗಳು ಹಳೆಯ ಅಂಗಡಿಗಳ ಡಬ್ಬಗಳಲ್ಲಿ ಇಂದಿಗೂ ಆಗೊಮ್ಮೆ ಈಗೊಮ್ಮೆ ಕಾಣುತ್ತವೆ. ಬೆಲೆಯಲ್ಲಿ ಒಂದು ವಿಚಿತ್ರವಿದೆ: ಧ್ವನಿಗೆ ಬಳಸುವ ಪಿ.ಸಿ.ಎಲ್. 82, ಪಿ.ಸಿ.ಎಲ್. 86ರಂಥವಕ್ಕೆ ವಾಲ್ವ್ ಆಂಪ್ಲಿಫೈಯರಿನ ಹುಚ್ಚು ಹಿಡಿದವರು ಪೈಪೋಟಿಗೆ ಬರುತ್ತಾರೆ, ಆದರೆ ಟಿ.ವಿ.ಗೇ ಮೀಸಲಾದ ಪಿ.ವೈ. 88 ಅಥವಾ ಡಿ.ವೈ. 87ನ್ನು ಕೇಳುವವರಿಲ್ಲ. ಈ ದಾರಿಯಲ್ಲಿ ನಿಜವಾದ ಖರ್ಚು ಐಸೊಲೇಷನ್ ಟ್ರಾನ್ಸ್‌ಫಾರ್ಮರಿನದು, ಸೆಟ್ಟು 150ರಿಂದ 200 ವ್ಯಾಟ್ ಎಳೆಯುವುದರಿಂದ ಕನಿಷ್ಠ 300 ವಿ.ಎ.ಯದು ಬೇಕು. ಒಂದೇ ಸೆಟ್ಟಿಗಾಗಿ ಅದನ್ನು ಕೊಳ್ಳುವುದು ದುಬಾರಿ ಎನಿಸಿದರೆ ಮೆಕ್ಯಾನಿಕ್‌ನ ಮೇಜಿನ ಮೇಲೆಯೇ ಕೆಲಸ ನಡೆಯಲಿ.

ಮೊದಲ ಸಲ ಕರೆಂಟು ಕೊಡುವಾಗ ಸೀರೀಸ್ ಬೋರ್ಡಿನ ಮೂಲಕ, ಎಂದರೆ ಕರೆಂಟಿನ ದಾರಿಯಲ್ಲೇ ಒಂದು 100 ವ್ಯಾಟಿನ ತಂತಿ ಬಲ್ಬು ಹಾಕಿ ಕೊಡಬೇಕು. ವೋಲ್ಟನ್ನು ಹೆಚ್ಚುಕಡಿಮೆ ಮಾಡುವ ವೇರಿಯಾಕಿನಿಂದ ಗಂಟೆಗಟ್ಟಲೆ ನಿಧಾನವಾಗಿ ಏರಿಸುವುದು ರೇಡಿಯೊಗೆ ಒಳ್ಳೆಯದು, ಟಿ.ವಿ.ಗೆ ಅಷ್ಟು ಒಳ್ಳೆಯದಲ್ಲ, ಏಕೆಂದರೆ ಕಡಿಮೆ ವೋಲ್ಟಿನಲ್ಲಿ, ಲೈನ್ ಔಟ್‌ಪುಟ್ ಹಂತವನ್ನು ನಡೆಸುವ ಲೈನ್ ಆಸಿಲೇಟರ್ ಸರಿಯಾಗಿ ಕೆಲಸ ಮಾಡದೆ ಲೈನ್ ಔಟ್‌ಪುಟ್ ವಾಲ್ವು ಅಂಕೆ ತಪ್ಪಿ ಕಾಯುತ್ತದೆ. ಅದನ್ನು ಕಿತ್ತಿಟ್ಟು ಪರೀಕ್ಷಿಸೋಣವೆಂದರೆ ಹೀಟರುಗಳ ಸರಪಳಿಯೇ ಕಡಿಯುತ್ತದೆ. ಹಾಗಾಗಿ ಆ ಹಂತಕ್ಕೆ ಹೆಚ್ಚಿನ ವೋಲ್ಟು ತರುವ ಎಚ್.ಟಿ. ತಂತಿಯನ್ನು ಮೊದಲು ಬಿಡಿಸಿಟ್ಟು, ಉಳಿದ ಭಾಗಗಳನ್ನು ಸರಿಮಾಡಿಕೊಂಡ ಮೇಲೆ ಸೇರಿಸುವುದು ಜಾಣತನ.

ಚಿತ್ರ ಬಂದಾಗ ಬೆಳಕಿನ ಭಾಗಗಳು ಬೆಳ್ಳಿಯಂತೆ ಹೊಳೆದು ಮುಖಗಳು ಚಪ್ಪಟೆಯಾಗಿ ಕಂಡರೆ ಟ್ಯೂಬಿನ ಎಮಿಷನ್ (ಎಲೆಕ್ಟ್ರಾನುಗಳನ್ನು ಹೊರಸೂಸುವ ಶಕ್ತಿ) ಇಳಿದಿದೆ ಎಂದರ್ಥ. ಹೀಟರಿಗೆ ಹೆಚ್ಚು ವೋಲ್ಟು ಕೊಟ್ಟು ಟ್ಯೂಬನ್ನು ಎಬ್ಬಿಸುವ ಉಪಾಯಗಳಿವೆ. ಕೆಲವು ತಿಂಗಳು ಬೆಳಕು ಬರಬಹುದು, ಅಂದೇ ಟ್ಯೂಬು ಶಾಶ್ವತವಾಗಿ ಹೋಗಲೂಬಹುದು. ಮಂದ ಚಿತ್ರವನ್ನು ಕತ್ತಲೆ ಕೋಣೆಯಲ್ಲಿ ನೋಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಮೂರನೆಯ ದಾರಿ: ಪೂರ್ಣ ಪುನರುಜ್ಜೀವನ

ಇದು ಎರಡನೆಯ ದಾರಿಯದೇ ಮುಂದುವರಿಕೆ, ಆದರೆ ಹಟ ಹೆಚ್ಚು. ಹಳೆಯ ಕಂಡೆನ್ಸರಿನ ಕೊಳವೆಯನ್ನು ಬಿಸಿಮಾಡಿ ಒಳಗಿನದನ್ನು ತೆಗೆದು ಹೊಸದನ್ನು ಅದರೊಳಗೇ ಅಡಗಿಸುವುದು, ಅದೇ ಬಣ್ಣದ ಬಟ್ಟೆಯ ಹೊದಿಕೆಯ ತಂತಿ ಹುಡುಕುವುದು, ಸ್ಪೀಕರಿನ ಬಟ್ಟೆಯನ್ನು ನೇಯ್ಗೆ ನೋಡಿ ಹೊಂದಿಸುವುದು, ಶಟರಿನ ಪಟ್ಟಿಗಳನ್ನು ಹಿಂದಿನ ಕ್ಯಾನ್ವಾಸಿನಿಂದ ಬಿಡಿಸಿ ಮತ್ತೆ ಅಂಟಿಸುವುದು ಎಲ್ಲವೂ ಇದರಲ್ಲಿ ಬರುತ್ತವೆ. ಬಿಡಿಭಾಗದ ಖರ್ಚು ಎರಡನೆಯ ದಾರಿಗಿಂತ ತೀರಾ ಹೆಚ್ಚೇನಲ್ಲ. ಹೋಗುವುದು ತಿಂಗಳುಗಟ್ಟಲೆ ಭಾನುವಾರಗಳು. ಕೂಲಿಗೆ ಮಾಡಿಸಿದರೆ ಹಾಕಿದ ಹಣ ಮಾರಾಟದಲ್ಲಿ ಹಿಂತಿರುಗದು ಎಂದೇ ತಿಳಿಯಿರಿ. ನಮ್ಮಲ್ಲಿ ಹಳೆಯ ರೇಡಿಯೊ, ಗ್ರಾಮೊಫೋನುಗಳಿಗೆ ಇರುವಷ್ಟು ಕೊಳ್ಳುವವರು ಹಳೆಯ ಟಿ.ವಿ.ಗೆ ಇಲ್ಲ. ಸೆಟ್ಟು ಅಪರೂಪದ್ದಾಗಿ, ಎಲ್ಲ ಭಾಗಗಳೂ ಜೊತೆಗಿದ್ದು, ಕೆಲಸದಲ್ಲೇ ನಿಮಗೆ ಸಂತೋಷವಿದ್ದರೆ ಮಾತ್ರ ಈ ದಾರಿ.

ನಾಲ್ಕನೆಯದು: ಪೆಟ್ಟಿಗೆ ಹಳೆಯದು, ಪರದೆ ಹೊಸದು

ಸಂಗ್ರಾಹಕರು ಇದನ್ನು ಕೇಳಿದೊಡನೆ ಮುಖ ಸಿಂಡರಿಸುತ್ತಾರೆ, ನಾನೂ ಹಿಂದೆ ಹಾಗೆಯೇ ಮಾಡುತ್ತಿದ್ದೆ. ಆದರೆ ಗೆಟರ್ ಬೆಳ್ಳಗಾದ, ಅಥವಾ ಕುತ್ತಿಗೆ ಮುರಿದ ಟ್ಯೂಬಿನ ಸೆಟ್ಟಿಗೆ ಬೇರೆ ದಾರಿ ಯಾವುದು? ಟ್ಯೂಬುಗಳಿಗೆ ಎಲೆಕ್ಟ್ರಾನು ಚಿಮ್ಮಿಸುವ ಹೊಸ ಗನ್ ಹಾಕಿ ಮರುನಿರ್ಮಿಸುತ್ತಿದ್ದ ಘಟಕಗಳು ನಮ್ಮಲ್ಲೂ ಹೊರದೇಶಗಳಲ್ಲೂ ಬಹುತೇಕ ಬಾಗಿಲು ಹಾಕಿವೆ. ಅಂಥ ಸೆಟ್ಟಿನ ಪೆಟ್ಟಿಗೆಯಾದರೂ ಮನೆಯಲ್ಲಿ ಉಪಯೋಗಕ್ಕೆ ಬರಲಿ ಎಂದರೆ ತಪ್ಪಿಲ್ಲ. ಬೆಂಕಿಯ, ಶಾಕಿನ ಭಯವಿಲ್ಲದೆ ಮಕ್ಕಳ ಕೈಗೆ ಕೊಡಬಹುದಾದದ್ದೂ ಇದೊಂದೇ.

ತೊಡಕು ಇರುವುದು ಆಕಾರದಲ್ಲಿ. ಹಳೆಯ ಪರದೆಯ ಅಗಲ-ಎತ್ತರದ ಅನುಪಾತ 4:3, ಇಂದಿನದು 16:9. 61 ಸೆಂಟಿಮೀಟರಿನ ಟ್ಯೂಬಿನ ಕಿಂಡಿ ಸುಮಾರು 49 ಸೆಂ.ಮೀ. ಅಗಲ, 37 ಸೆಂ.ಮೀ. ಎತ್ತರ ಇರುತ್ತದೆ. ಆ ಎತ್ತರ ತುಂಬುವ ಹೊಸ ಪರದೆಗೆ 66 ಸೆಂ.ಮೀ. ಅಗಲದ ಜಾಗ ಬೇಕು, ಬಹಳ ಪೆಟ್ಟಿಗೆಗಳಲ್ಲಿ ಅದು ಇರುವುದಿಲ್ಲ. ಅಗಲಕ್ಕೆ ಹೊಂದಿಸಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿಯುತ್ತದೆ. ಕಚೇರಿಗಳಿಂದ ಹೊರಬಿದ್ದ 4:3ರ ಹಳೆಯ ಕಂಪ್ಯೂಟರ್ ಮಾನಿಟರುಗಳು ಸಣ್ಣ ಸೆಟ್ಟುಗಳಿಗೆ ಚೆನ್ನಾಗಿ ಹೊಂದುತ್ತವೆ, ಅಗ್ಗವೂ ಹೌದು. ಈ ದಾರಿ ಹಿಡಿಯುವವರಲ್ಲಿ ನನ್ನದೊಂದೇ ಕೇಳಿಕೆ: ಪೆಟ್ಟಿಗೆಗೆ ಗರಗಸ ಹಾಕಬೇಡಿ, ಇರುವ ಸ್ಕ್ರೂ ತೂತುಗಳಿಗೇ ಮರದ ಚೌಕಟ್ಟು ಮಾಡಿಸಿ ಪರದೆ ನಿಲ್ಲಿಸಿ, ತೆಗೆದ ಚಾಸಿಯನ್ನು ಎಲ್.ಓ.ಟಿ. ಸಮೇತ ಕಟ್ಟಿಡಿ ಅಥವಾ ಅದೇ ಮಾದರಿಯ ಸೆಟ್ಟು ಇರುವವರಿಗೆ ಕೊಡಿ. ಸತ್ತ ಟ್ಯೂಬಿನ ಗಾಜಿನಲ್ಲಿ ಸೀಸ ಇರುವುದರಿಂದ ಅದನ್ನು ಬೀದಿಯ ಕಸಕ್ಕೆ ಎಸೆಯದೆ ಇ-ತ್ಯಾಜ್ಯದವರಿಗೆ ಒಪ್ಪಿಸಬೇಕು. ಚೆನ್ನಾಗಿರುವ ಟ್ಯೂಬಿನ ಸೆಟ್ಟಿಗೆ ಈ ಗತಿ ಕಾಣಿಸುವುದನ್ನು ಮಾತ್ರ ನಾನು ಈಗಲೂ ಒಪ್ಪುವುದಿಲ್ಲ.

ಓಡಿಸಿದ ಮೇಲೆ ಏನು ನೋಡುವುದು

ಆಂಟೆನಾ ಕಟ್ಟಿದರೆ ಈಗ ಗುಡುಗಿನ ಸದ್ದು, ಇರುವೆ ಹರಿದಂಥ ಚುಕ್ಕೆಗಳು ಮಾತ್ರ, ಏಕೆಂದರೆ ದೂರದರ್ಶನದ ಹಳೆಯ ಅನಲಾಗ್ ಪ್ರಸಾರ ಬಹುತೇಕ ಎಲ್ಲೆಡೆ ನಿಂತಿದೆ. ಎರಡನೆಯ, ಮೂರನೆಯ ದಾರಿಯವರು ಮಾಡ್ಯುಲೇಟರನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಸೆಟ್‌ಟಾಪ್ ಬಾಕ್ಸಿನ ಅಥವಾ ಎಚ್.ಡಿ.ಎಂ.ಐ. ಪರಿವರ್ತಕದ ಎ.ವಿ. ಔಟ್‌ಪುಟ್ಟನ್ನು ನಮ್ಮ ದೇಶದ ಪಾಲ್ ವಿಧಾನಕ್ಕೆ ಇಟ್ಟು, ವಿ.ಎಚ್.ಎಫ್. ಚಾನೆಲಿಗೆ ಏರಿಸುವ ಮಾಡ್ಯುಲೇಟರಿಗೆ ಕೊಟ್ಟು, 75 ಓಮಿನಿಂದ 300 ಓಮಿಗೆ ಬದಲಿಸುವ ಬಾಲನ್ ಮೂಲಕ ಸೆಟ್ಟಿಗೆ ಸೇರಿಸಬೇಕು. ಬಣ್ಣದ ಸಿಗ್ನಲ್ ಕೊಟ್ಟರೂ ಈ ಸೆಟ್ಟು ಕಪ್ಪು-ಬಿಳುಪಿನಲ್ಲಿ ತೋರಿಸುತ್ತದೆ. ಅಂತರಜಾಲದ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಅಮೆರಿಕನ್ ಮಾದರಿಯ ಮಾಡ್ಯುಲೇಟರಿನಲ್ಲಿ ಚಿತ್ರಕ್ಕೂ ಧ್ವನಿಗೂ 4.5 ಮೆಗಾಹರ್ಟ್ಸ್ ಅಂತರವಿದ್ದು, ನಮ್ಮ ಸೆಟ್ಟುಗಳು ಬಯಸುವುದು 5.5, ಚಿತ್ರ ಬಂದು ಧ್ವನಿ ಬಾರದೆ ಒದ್ದಾಡುವವರಲ್ಲಿ ಬಹಳಷ್ಟು ಮಂದಿಯ ಸಮಸ್ಯೆ ಇದೇ. ಕೇಬಲ್ ಜಾಲ ಡಿಜಿಟಲ್ ಆದಾಗ ಹಳೆಯ ಕೇಬಲ್ ಆಪರೇಟರುಗಳ ಬಳಿ ಮೂಲೆ ಸೇರಿದ ಮಾಡ್ಯುಲೇಟರುಗಳು ನಮ್ಮ ಪದ್ಧತಿಯವೇ ಆದ್ದರಿಂದ, ಪರಿಚಯದ ಆಪರೇಟರನ್ನು ಒಮ್ಮೆ ಕೇಳಿ ನೋಡುವುದು ಒಳ್ಳೆಯದು.

ಕೈಯಲ್ಲಿ ಐದಾರು ಸಾವಿರ ರೂಪಾಯಿ, ಪರಿಚಯದ ಮೆಕ್ಯಾನಿಕ್, ಹೊಳೆಯುವ ಗೆಟರ್ ಮೂರೂ ಇದ್ದು, ಹಬ್ಬಕ್ಕೆ ನೆಂಟರು ಬಂದಾಗ ಒಂದರ್ಧ ಗಂಟೆ ತೋರಿಸುವ ಆಸೆ ಇದ್ದರೆ ಎರಡನೆಯ ದಾರಿ ನಿಮ್ಮದು. ದಿನವೂ ನೋಡಬೇಕೆನ್ನುವವರಿಗೆ ಯಾವ ವಾಲ್ವ್ ಸೆಟ್ಟೂ ತಕ್ಕದ್ದಲ್ಲ. ಉರಿದ ಪ್ರತಿ ಗಂಟೆಯೂ ಮರಳಿ ಸಿಗದ ಟ್ಯೂಬನ್ನು ಸವೆಸುತ್ತದೆ. ಯಾವ ದಾರಿಯಲ್ಲಿ ಓಡಿಸಿದರೂ ಕೊನೆಗೆ ಒಂದು ಪರೀಕ್ಷೆ ಬಾಕಿ ಇರುತ್ತದೆ. ಆಂಟೆನಾ ಸಾಕೆಟ್ಟನ್ನು ಲೈವ್ ಚಾಸಿಯಿಂದ ಬೇರ್ಪಡಿಸುವ ಎರಡು ಪುಟ್ಟ ಕಂಡೆನ್ಸರುಗಳನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಅವು ಸೋರುತ್ತಿದ್ದರೆ ಚಾಸಿಯ 230 ವೋಲ್ಟು ಕೇಬಲ್ ಹಿಡಿದು ಮಾಡ್ಯುಲೇಟರಿಗೂ, ಅಲ್ಲಿಂದ ನಿಮ್ಮ ಹೊಸ ಸೆಟ್‌ಟಾಪ್ ಬಾಕ್ಸಿಗೂ ಬರುತ್ತದೆ. ಅವುಗಳ ಜಾಗಕ್ಕೆ ಸುರಕ್ಷತೆಗೆಂದೇ ಮಾಡಿದ ವೈ ದರ್ಜೆಯವನ್ನು ಹಾಕಿಸಿ, ಸಾಕೆಟ್ಟಿನಿಂದ ಅರ್ತಿಂಗಿಗೆ ಎಷ್ಟು ವೋಲ್ಟು, ಎಷ್ಟು ಕರೆಂಟು ಹರಿಯುತ್ತಿದೆ ಎಂದು ಮೆಕ್ಯಾನಿಕ್‌ನ ಕೈಯಲ್ಲಿ ಅಳೆಸಿದ ಮೇಲೆಯೇ ಸೆಟ್ಟನ್ನು ಮನೆಗೆ ತನ್ನಿ.